ಕೊಳಚೆ ನೀರು ಕುಡಿದ ಮಣ್ಣಿಗೆ ಇದ್ದಿಲು ಹಾಕಿದರೆ ಏನಾಗುತ್ತದೆ?

ಕೆಲವು ತಿಂಗಳ ಹಿಂದೆ ಬಾವನ ಹೊಲಕ್ಕೆ ಹೋಗಿದ್ದಾಗ ಒಂದು ಅಲಸಂದೆ ಗಿಡ ಕಿತ್ತು ನೋಡಿದೆ. ಆಗ ತಾನೆ ಹೂ ಬಿಟ್ಟಿತ್ತು. ಮೈಸೂರಿನ ಕೊಳಚೆ ನೀರು ಹರಿದು ಹೋಗುವ ಹಳ್ಳದ ಪಕ್ಕದ ಜಮೀನು ಅದು. ಸುಮಾರು ಇಪ್ಪತ್ತೈದು ವರ್ಷದಿಂದ ಅದೇ ನೀರು. ಬೇಸಿಗೆಯಲ್ಲೂ ನಿಲ್ಲದ ನೀರು, ಅದಕ್ಕೇ ಅಲ್ಲಿ ಸೊಪ್ಪು ತರಕಾರಿ ವರ್ಷವಿಡೀ ಬೆಳೆಯುತ್ತದೆ. ಬಕೆಟ್ಟಿನಲ್ಲಿ ಬೇರು ಅದ್ದಿ, ಮಣ್ಣು ತೊಳೆದು ನೋಡಿದರೆ ಗಂಟುಗಳು ಬೆರಳೆಣಿಕೆಯಷ್ಟು. ಒಂದನ್ನು ಉಗುರಿನಲ್ಲಿ ಸೀಳಿದೆ. ಒಳಗೆ ಬಿಳಿಚಿಕೊಂಡ ಹಸಿರು.

ಚೆನ್ನಾಗಿ ಕೆಲಸ ಮಾಡುವ ಗಂಟು ಸೀಳಿದರೆ ಒಳಗೆ ನಸುಗೆಂಪು ಇರಬೇಕು. ನಮ್ಮ ರಕ್ತದ ಕೆಂಪು ಬಣ್ಣಕ್ಕೆ ಕಾರಣವಾದ ಹಿಮೋಗ್ಲೋಬಿನ್‌ನ ಹತ್ತಿರದ ನೆಂಟನೊಬ್ಬ ಆ ಗಂಟಿನಲ್ಲಿ ಇರುತ್ತಾನೆ, ಲೆಗ್‌ಹಿಮೋಗ್ಲೋಬಿನ್ ಅಂತ. ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವಾಗ ಆಮ್ಲಜನಕವನ್ನು ಹದದಲ್ಲಿ ಇಡುವುದು ಅದರ ಕೆಲಸ. ಬಣ್ಣ ಇಲ್ಲ ಅಂದರೆ ಕೆಲಸ ನಡೆಯುತ್ತಿಲ್ಲ. ಹಾಗಂತ ಅದೊಂದನ್ನೇ ನೋಡಿ ಮಣ್ಣು ಕೆಟ್ಟಿದೆ ಅಂತ ತೀರ್ಮಾನ ಮಾಡುವ ಹಾಗಿಲ್ಲ. ಕೊಳಚೆ ನೀರಿನಲ್ಲಿ ಸಾರಜನಕ ಮೊದಲೇ ಜಾಸ್ತಿ, ಪುಕ್ಕಟೆ ಸಿಗುವಾಗ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಆದರೆ ಅನುಮಾನಕ್ಕೆ ಅಷ್ಟು ಸಾಕು.

ಬಾವ ಬದುವಿನ ಮೇಲೆ ಕೂತು ಫೋನ್ ತೋರಿಸಿದರು. "ನೋಡು ಕಣಪ್ಪ, ವಾಟ್ಸಾಪಲ್ಲಿ ಬಂದದೆ. ಅದೇನೋ ಬಯೋಚಾರ್ ಅಂತೆ, ಕಬ್ಬಿನ ತರಗು ಸುಟ್ಟು ಹಾಕುದ್ರೆ ಮಣ್ಣಲ್ಲಿರೋ ವಿಷನೆಲ್ಲ ಹೀರ್ಕೊಂಬುಡ್ತದಂತೆ. ಹಾಕ್ಬುಡನಾ?"

ಆ ಪ್ರಶ್ನೆಗೆ ಅಲ್ಲೇ ಹೌದು ಅಥವಾ ಬೇಡ ಅನ್ನಲು ನನಗೆ ಆಗಲಿಲ್ಲ. ಈ ಬರಹ ಆ ಪ್ರಶ್ನೆಗೇ ಉತ್ತರ. ಬಯೋಚಾರ್ ಅಂದರೆ ಬೇರೇನಲ್ಲ, ಮಣ್ಣಿಗೆ ಹಾಕಲು ಮಾಡಿದ ಇದ್ದಿಲು. ಬಾವನ ಹಾಗೆ ಕೇಳುವವರು ಮಂಡ್ಯ, ಮೈಸೂರು ಕಡೆ ಈಗ ತುಂಬಾ ಜನ ಇದ್ದಾರೆ. ಕಂಪನಿಗಳು ಚೀಲದಲ್ಲಿ ತುಂಬಿ ಮಾರುತ್ತಿವೆ, ವಿಡಿಯೋಗಳಲ್ಲಿ ಇದನ್ನು ಸರ್ವರೋಗಕ್ಕೆ ಮದ್ದು ಅನ್ನುವ ಹಾಗೆ ಹೇಳುತ್ತಾರೆ. ನನ್ನ ಮಾತು ಇಷ್ಟೇ: ಇದ್ದಿಲು ಮಣ್ಣಿನಿಂದ ವಿಷ ತೆಗೆಯುವುದಿಲ್ಲ, ಕಟ್ಟಿ ಹಾಕುತ್ತದೆ. ಹಾಗೆ ಕಟ್ಟಿ ಹಾಕಿದಾಗ ಮಣ್ಣಿನ ಸೂಕ್ಷ್ಮಜೀವಿಗಳಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಆದರೆ ಎಲ್ಲ ವಿಷವನ್ನೂ ಅದು ಕಟ್ಟುವುದಿಲ್ಲ, ಎಲ್ಲ ಮಣ್ಣಿಗೂ ಅದು ಹೊಂದುವುದಿಲ್ಲ. ಅದರಲ್ಲೂ ನಮ್ಮ ನಾಲೆ ಬಯಲಿನ ಮಣ್ಣಿಗೆ ಎರಡು ಸಲ ಯೋಚಿಸಬೇಕು.

ಮೊದಲು ತರಗು ಸುಡುವುದಕ್ಕೂ ಇದ್ದಿಲು ಮಾಡುವುದಕ್ಕೂ ಇರುವ ವ್ಯತ್ಯಾಸ. ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ತರಗಿಗೆ ಬೆಂಕಿ ಇಟ್ಟರೆ ಉಳಿಯುವುದು ಬೂದಿ. ಗಾಳಿ ಧಾರಾಳವಾಗಿ ಸಿಕ್ಕಿದ್ದರಿಂದ ಇಂಗಾಲವೆಲ್ಲ ಹೊಗೆಯಾಗಿ ಮೇಲೆ ಹೋಯಿತು. ಅದೇ ಕಸವನ್ನು ಗಾಳಿ ಸಿಗದ ಹಾಗೆ 350ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದರೆ ಇಂಗಾಲದ ಒಂದು ಪಾಲು ಕಪ್ಪಾಗಿ, ಗಟ್ಟಿಯಾಗಿ ಉಳಿಯುತ್ತದೆ. ಒಣ ಕಸ ಮೂರ್ನಾಲ್ಕು ಕೆಜಿ ಹಾಕಿದರೆ ಸುಮಾರು ಒಂದು ಕೆಜಿ ಇದ್ದಿಲು. ಮಣ್ಣಿಗೆ ಸೇರಿದ ಮೇಲೆ ಅದರ ಬಹುಪಾಲು ನೂರಾರು ವರ್ಷ ಕೊಳೆಯದೆ ಇರುತ್ತದೆ. ಇದು ಒಳ್ಳೆಯದೂ ಹೌದು, ಹೆದರಬೇಕಾದ್ದೂ ಹೌದು, ಯಾಕೆಂದರೆ ಒಂದು ಸಲ ಹಾಕಿದ್ದನ್ನು ವಾಪಸ್ ಆರಿಸಿ ತೆಗೆಯಲು ಬರುವುದಿಲ್ಲ. ಯೂರಿಯಾ ತಪ್ಪಿ ಜಾಸ್ತಿ ಹಾಕಿದರೆ ಒಂದು ಬೆಳೆಗೆ ತೊಂದರೆ. ಇದು ಹಾಗಲ್ಲ.

ಇನ್ನು ಕೆಟ್ಟ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ಪಾಡು ಏನು ಅಂತ ನೋಡೋಣ. ಒಂದು ಚಿಟಿಕೆ ಒಳ್ಳೆಯ ಮಣ್ಣಿನಲ್ಲಿ, ಅಂದರೆ ಒಂದು ಗ್ರಾಂನಲ್ಲಿ, ನೂರು ಕೋಟಿಯಷ್ಟು ಬ್ಯಾಕ್ಟೀರಿಯಾ ಇರಬಹುದು. ಕೊಳಚೆ ನೀರಿನ ಜೊತೆ ಬರಬಹುದಾದ ಸೀಸ, ಕ್ಯಾಡ್ಮಿಯಂ, ತಾಮ್ರದಂಥ ಭಾರ ಲೋಹಗಳು ಅವುಗಳ ಒಳಗಿನ ಕಿಣ್ವಗಳಿಗೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತವೆ. ಎಲ್ಲವೂ ಒಮ್ಮೆಲೇ ಸಾಯುವುದಿಲ್ಲ. ಸೂಕ್ಷ್ಮವಾದವು ಸಾಯುತ್ತವೆ, ಗಡುಸಾದವು ಉಳಿಯುತ್ತವೆ. ಉಳಿದವೂ ತಮ್ಮ ಶಕ್ತಿಯನ್ನೆಲ್ಲ ಲೋಹವನ್ನು ಹೊರಗೆ ತಳ್ಳುವುದಕ್ಕೇ ಖರ್ಚು ಮಾಡುತ್ತವೆ, ಗೊಬ್ಬರ ಕೊಳೆಸುವ ಕೆಲಸ ಹಿಂದೆ ಬೀಳುತ್ತದೆ. ಮೇಲಿಂದ ನೋಡುವ ರೈತನಿಗೆ ಕಾಣುವುದು ಇಷ್ಟು: ಹಾಕಿದ ಗೊಬ್ಬರ ಮೊದಲಿನ ಹಾಗೆ ಹಿಡಿಯುತ್ತಿಲ್ಲ, ಎಲೆ ಕಡ್ಡಿ ಬೇಗ ಕರಗುತ್ತಿಲ್ಲ, ಮಣ್ಣು ಬಿಗಿಯಾಗಿದೆ.

ಇದಕ್ಕೆ ಇಂಗ್ಲೆಂಡಿನ ವೋಬರ್ನ್ ಎಂಬಲ್ಲಿನ ಪ್ರಯೋಗದ ಹೊಲ ಒಂದು ಕಣ್ಣು ತೆರೆಸುವ ಉದಾಹರಣೆ. ಅಲ್ಲಿ 1942ರಿಂದ 1961ರವರೆಗೆ ಪಟ್ಟಣದ ಕೊಳಚೆ ಹೂಳನ್ನು ಗೊಬ್ಬರವಾಗಿ ಹಾಕಿದರು. ಆಮೇಲೆ ನಿಲ್ಲಿಸಿದರು. ನಿಲ್ಲಿಸಿ 20 ವರ್ಷದ ಮೇಲಾದ ನಂತರ, 1980ರ ದಶಕದಲ್ಲಿ, ಆ ಹೊಲದಲ್ಲಿ ಕ್ಲೋವರ್ ಎಂಬ ಮೇವಿನ ಗಿಡ ಬೆಳೆದು ನೋಡಿದರೆ ಅದು ಸಾರಜನಕ ಹಿಡಿಯುತ್ತಲೇ ಇರಲಿಲ್ಲ. ಬೇರಿನಲ್ಲಿ ಗಂಟು ಇದ್ದವು. ಆದರೆ ಲೋಹ ತಡೆದುಕೊಂಡು ಬದುಕುಳಿದಿದ್ದ ರೈಜೋಬಿಯಂ ಕೆಲಸಕ್ಕೆ ಬಾರದ ಜಾತಿ. ಗಂಟು ಕಟ್ಟುತ್ತದೆ, ಗಿಡದಿಂದ ಸಕ್ಕರೆ ತಿನ್ನುತ್ತದೆ, ಏನೂ ಕೊಡುವುದಿಲ್ಲ. ಕೊಳಚೆ ಹಾಕುವುದು ನಿಂತರೆ ಮಣ್ಣು ತಾನಾಗಿ ಸರಿಹೋಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ತುಂಬಾ ಇದೆ. ಲೋಹದ ವಿಷಯದಲ್ಲಿ ಆ ನಂಬಿಕೆ ಸುಳ್ಳು. ಲೋಹ ಕೊಳೆಯುವುದಿಲ್ಲ.

ಇಂಥ ಮಣ್ಣಿಗೆ ಇದ್ದಿಲು ಬಿದ್ದಾಗ ಏನಾಗುತ್ತದೆ?

ಮೊದಲನೆಯದು, ಮಣ್ಣಿನ ಹುಳಿ ಇಳಿಯುತ್ತದೆ. ಇದ್ದಿಲಿನಲ್ಲಿ ಬೂದಿಯ ಅಂಶ ಇರುತ್ತದೆ, ಬೂದಿ ಕ್ಷಾರ. ಹುಳಿ ಇಳಿದಷ್ಟೂ ಏರುವ ಅಳತೆ ರಸಸಾರ, ಅಂದರೆ ಪಿಎಚ್. ಅದು ಮೇಲೆ ಹೋದಾಗ ಸೀಸ, ಕ್ಯಾಡ್ಮಿಯಂ, ಸತು ನೀರಿನಲ್ಲಿ ಕರಗಿ ಓಡಾಡುವುದು ಕಮ್ಮಿಯಾಗಿ ಗಟ್ಟಿ ಲವಣವಾಗಿ ಕೂರುತ್ತವೆ. ಇದ್ದಿಲಿನಲ್ಲಿರುವ ರಂಜಕದ ಜೊತೆ ಸೀಸ ಸೇರಿದರೆ ಸುಲಭಕ್ಕೆ ಕರಗದ ಹರಳಾಗುತ್ತದೆ. ಜೊತೆಗೆ ಇದ್ದಿಲಿನ ಮೈಮೇಲಿನ ಆಮ್ಲಜನಕದ ಕೊಂಡಿಗಳಿಗೆ ಲೋಹದ ಕಣಗಳು ತಗುಲಿಕೊಳ್ಳುತ್ತವೆ. ಕಡಿಮೆ ಶಾಖದಲ್ಲಿ, 350-400 ಡಿಗ್ರಿಯಲ್ಲಿ ಬೆಂದ ಇದ್ದಿಲಿಗೆ ಇಂಥ ಕೊಂಡಿಗಳು ಜಾಸ್ತಿ. ಹೆಚ್ಚು ಶಾಖದಲ್ಲಿ ಬೆಂದದ್ದಕ್ಕೆ ರಂಧ್ರ ಜಾಸ್ತಿ, ಅದು ಕೀಟನಾಶಕದಂಥ ಸಾವಯವ ವಿಷಗಳನ್ನು ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ಇದ್ದಿಲು ಅಂದರೆ ಒಂದೇ ವಸ್ತು ಅಲ್ಲ. ಚೀಲದ ಮೇಲೆ ಯಾವುದರಿಂದ ಮಾಡಿದ್ದು, ಎಷ್ಟು ಶಾಖದಲ್ಲಿ ಮಾಡಿದ್ದು ಅಂತ ಬರೆದಿಲ್ಲವಾದರೆ ಕೊಳ್ಳಬೇಡಿ.

ಲೋಹ ಮಣ್ಣಲ್ಲೇ ಇದೆ, ಆದರೆ ಮಣ್ಣಿನ ನೀರಿನಲ್ಲಿ ಇಲ್ಲ. ಸೂಕ್ಷ್ಮಜೀವಿ ಬದುಕುವುದು ಮಣ್ಣಿನ ಕಣಕ್ಕೆ ಅಂಟಿದ ಆ ತೆಳು ನೀರಿನ ಪೊರೆಯಲ್ಲಿ. ಅಲ್ಲಿ ವಿಷ ಕಮ್ಮಿಯಾದರೆ ಅದಕ್ಕೆ ನಿಜವಾಗಿಯೂ ಬಿಡುವು. ಮಣ್ಣಿನ ಜೀವಂತಿಕೆ ಅಳೆಯಲು ಪ್ರಯೋಗಾಲಯದಲ್ಲಿ ಡಿಹೈಡ್ರೋಜಿನೇಸ್, ಯೂರಿಯೇಸ್ ಎಂಬ ಕಿಣ್ವಗಳ ಚಟುವಟಿಕೆ ನೋಡುತ್ತಾರೆ. ಲೋಹದಿಂದ ಕುಸಿದಿದ್ದ ಇವು ಇದ್ದಿಲು ಹಾಕಿದ ಮೇಲೆ ಚೇತರಿಸಿಕೊಳ್ಳುವುದು ಹಲವು ಕಡೆ ಕಂಡಿದೆ, ಅದರಲ್ಲೂ ಹುಳಿ ಮಣ್ಣಿನಲ್ಲಿ.

ಎರಡನೆಯದು ಮನೆ. ಇದ್ದಿಲಿನ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಇದನ್ನು ಸ್ವಲ್ಪ ಸರಿಯಾಗಿ ತಿಳಿದುಕೊಳ್ಳಬೇಕು. ಒಂದು ಗ್ರಾಂ ಇದ್ದಿಲಿನ ಒಳಮೈ ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್ ಅಂತ ಓದಿರುತ್ತೀರಿ. ಹೆಚ್ಚು ಶಾಖದಲ್ಲಿ ಬೆಂದ ಇದ್ದಿಲಿಗೆ ಅದು ನಿಜ. ಆದರೆ ಆ ಅಳತೆಯ ಬಹುಪಾಲು ಬರುವುದು 2 ನ್ಯಾನೋಮೀಟರಿಗಿಂತ ಸಣ್ಣ ರಂಧ್ರಗಳಿಂದ. ಬ್ಯಾಕ್ಟೀರಿಯಾ ಸುಮಾರು 1 ಮೈಕ್ರಾನ್, ಅಂದರೆ 1000 ನ್ಯಾನೋಮೀಟರ್. ಸೂಜಿ ಕಣ್ಣಿನಲ್ಲಿ ಹಲಸಿನಹಣ್ಣು ತೂರಿಸಿದ ಹಾಗೆ. ಅವು ನಿಜವಾಗಿ ಸೇರಿಕೊಳ್ಳುವುದು ಇದ್ದಿಲಿನ ಹೊರಮೈಗೆ, ಬಿರುಕುಗಳಿಗೆ, ಮತ್ತು ಗಿಡದ ಹಳೆಯ ನೀರಿನ ಕೊಳವೆಗಳು ಸುಟ್ಟು ಉಳಿದ ದೊಡ್ಡ ತೂತುಗಳಿಗೆ. ಹಿಪ್ಪುನೇರಳೆ ಕಡ್ಡಿಯ ಇದ್ದಿಲನ್ನು ಮುರಿದು ಬಿಸಿಲಿಗೆ ಹಿಡಿದರೆ ಆ ಕೊಳವೆಗಳ ತುದಿ ಸಣ್ಣ ಚುಕ್ಕಿಗಳ ಹಾಗೆ ಬರಿಗಣ್ಣಿಗೇ ಕಾಣುತ್ತವೆ. ಅಷ್ಟಗಲದ ತೂತಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಬೇಕಾದಷ್ಟು ಜಾಗ, ಶಿಲೀಂಧ್ರದ ಎಳೆಗಳೂ ನುಸುಳುತ್ತವೆ. ಅದಕ್ಕಿಂತ ಕಿರಿದಾದ ಬಿರುಕುಗಳಲ್ಲಿ, ಅವನ್ನು ತಿನ್ನುವ ಪ್ರೊಟೊಜೋವಾ ನುಗ್ಗಲಾಗದ ಕಡೆ, ಅವು ಕ್ಷೇಮವಾಗಿ ಇರುತ್ತವೆ. ಬೇಸಿಗೆಯಲ್ಲಿ ಅಲ್ಲಿ ಸ್ವಲ್ಪ ತೇವವೂ ಉಳಿಯುತ್ತದೆ.

ಮೂರನೆಯದು ಊಟ. ಇದು ದೊಡ್ಡ ವಿಷಯವಲ್ಲ. ಇದ್ದಿಲಿನ ಇಂಗಾಲದ ಸಣ್ಣ ಪಾಲನ್ನು ಮಾತ್ರ ಸೂಕ್ಷ್ಮಜೀವಿಗಳು ತಿನ್ನಬಲ್ಲವು. ಅದು ಕೆಲವು ವಾರ, ತಿಂಗಳುಗಳಲ್ಲಿ ಮುಗಿಯುತ್ತದೆ. ಆಮೇಲೆ ಉಳಿಯುವುದು ಖಾಲಿ ಮನೆ. ಖಾಲಿ ಮನೆಗೆ ಯಾರೂ ಬಂದು ಕೂರುವುದಿಲ್ಲ, ಅಲ್ವಾ? ಅಮೆಜಾನ್ ಕಾಡಿನಲ್ಲಿ ಸಾವಿರಾರು ವರ್ಷ ಹಿಂದೆ ಜನ ಮಾಡಿದ ಕಪ್ಪು ಮಣ್ಣನ್ನು ಎಲ್ಲರೂ ಉದಾಹರಣೆ ಕೊಡುತ್ತಾರೆ. ಅಲ್ಲಿ ಇದ್ದಿಲು ಮಾತ್ರ ಇಲ್ಲ. ಮೂಳೆ, ಅಡುಗೆ ಕಸ, ಮಲ, ಮಡಕೆ ಚೂರು ಎಲ್ಲ ಇದೆ. ನಮ್ಮ ಹಟ್ಟಿ ಹಿಂದಿನ ತಿಪ್ಪೆಯಂಥದ್ದು ಅದು.

ಈಗ ಕಷ್ಟದ ಭಾಗ. ಮಾರುವವರು ಇದನ್ನು ಹೇಳುವುದಿಲ್ಲ.

2017ರಲ್ಲಿ ಪ್ರಪಂಚದ ನೂರಾರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಒಂದು ವಿಶ್ಲೇಷಣೆ ಬಂತು. ಉಷ್ಣವಲಯದಲ್ಲಿ ಬಯೋಚಾರ್ ಹಾಕಿದ ಕಡೆ ಇಳುವರಿ ಸರಾಸರಿ ಶೇ 25ರಷ್ಟು ಹೆಚ್ಚಿತ್ತು, ತಂಪು ದೇಶಗಳಲ್ಲಿ ಸರಾಸರಿ ಏನೂ ಹೆಚ್ಚಿರಲಿಲ್ಲ. ಈ ಶೇ 25 ಅನ್ನುವ ಅಂಕಿಯನ್ನು ನಮ್ಮಲ್ಲಿ ತೋರಿಸಿ, ನಮ್ಮದೂ ಉಷ್ಣವಲಯ ತಾನೆ ಅನ್ನುತ್ತಾರೆ. ಕಾರಣ ಓದಬೇಕು. ಆ ಉಷ್ಣವಲಯದ ಮಣ್ಣುಗಳು ಬಹಳಷ್ಟು ಹುಳಿ, ಸಾರ ಇಲ್ಲದವು. ಅಲ್ಲಿ ಇದ್ದಿಲು ಸುಣ್ಣದ ಕೆಲಸ, ಗೊಬ್ಬರದ ಕೆಲಸ ಮಾಡಿತು. ಮಂಡ್ಯದ ನಾಲೆ ಬಯಲು ಹಾಗಿದೆಯಾ? 1930ರ ದಶಕದಿಂದ ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುತ್ತಿದೆ. ಹಿರಿಯರು ಇರ್ವಿನ್ ನಾಲೆ ಅಂತಲೇ ಕರೆಯುತ್ತಿದ್ದರು. ಭತ್ತ, ಕಬ್ಬು, ಮತ್ತೆ ಭತ್ತ. ತಗ್ಗಿನ ಕಡೆ ನೀರು ಬಸಿಯದೆ ಜೌಗು ಹಿಡಿದು, ಬೇಸಿಗೆಯಲ್ಲಿ ಮೇಲೆ ಬಿಳಿ ಪೊರೆ ಕಟ್ಟುವ ಚೌಳು ಗದ್ದೆಗಳು ಎಷ್ಟೋ ಇವೆ. ಅಲ್ಲಿ ಪಿಎಚ್ ಮೊದಲೇ 8ರ ಮೇಲೆ. ಅಂಥ ಕಡೆ ಬೂದಿ ಜಾಸ್ತಿ ಇರುವ ಇದ್ದಿಲು ಸುರಿದರೆ ಸುಟ್ಟ ಗಾಯಕ್ಕೆ ಉಪ್ಪು ಸವರಿದ ಹಾಗೆ. ಕ್ಯಾಡ್ಮಿಯಂ, ಸೀಸ ಕ್ಷಾರ ಮಣ್ಣಿನಲ್ಲಿ ಮೊದಲೇ ಅರ್ಧ ಕಟ್ಟಿ ಹೋಗಿರುತ್ತವೆ, ಇದ್ದಿಲಿನಿಂದ ಸಿಗುವ ಹೆಚ್ಚಿನ ಲಾಭ ಸ್ವಲ್ಪ. ಬದಲಿಗೆ ಬೆಳೆಗೆ ಬೇಕಾದ ಸತು, ಅಂದರೆ ಜಿಂಕ್, ಇನ್ನೂ ಸಿಗದಂತಾಗುತ್ತದೆ. ಸತು ಕೂಡ ಲೋಹವೇ ತಾನೆ, ಇದ್ದಿಲಿಗೆ ಬೇಕಾದ್ದು ಬೇಡದ್ದು ಅಂತ ಭೇದ ಗೊತ್ತಿಲ್ಲ. ಭತ್ತದ ಗದ್ದೆಗೆ ಜಿಂಕ್ ಸಲ್ಫೇಟ್ ಹಾಕುವವರು ಈ ಮಾತು ನೆನಪಿಟ್ಟುಕೊಳ್ಳಿ. ಗುಡ್ಡದ ಕಡೆಯ ಕೆಂಪು ಮರಳು ಮಣ್ಣಿನಲ್ಲಿ, ಹುಳಿ ಇರುವ ಕಡೆ, ಲೆಕ್ಕವೇ ಬೇರೆ. ಅಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಧೈರ್ಯವಾಗಿ ಹೇಳಬಹುದು.

ಆಮೇಲೆ ಆರ್ಸೆನಿಕ್. ಇದು ಸೀಸದ ಹಾಗೆ ನಡೆದುಕೊಳ್ಳುವುದಿಲ್ಲ. ಪಿಎಚ್ ಏರಿದರೆ ಇದು ಕಟ್ಟುವ ಬದಲು ಬಿಡುಗಡೆಯಾಗುತ್ತದೆ. ನೀರು ನಿಂತ ಭತ್ತದ ಗದ್ದೆಯಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ಅಲ್ಲಿ ಆಮ್ಲಜನಕ ಇಲ್ಲ, ಹಾಗಾಗಿ ಜಿಯೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಕಬ್ಬಿಣದ ತುಕ್ಕನ್ನೇ ಉಸಿರಾಡುತ್ತವೆ. ತಮ್ಮ ಎಲೆಕ್ಟ್ರಾನ್‌ಗಳನ್ನು ತುಕ್ಕಿಗೆ ದಾಟಿಸುತ್ತವೆ, ತುಕ್ಕು ಕರಗುತ್ತದೆ, ತುಕ್ಕಿಗೆ ಅಂಟಿಕೊಂಡಿದ್ದ ಆರ್ಸೆನಿಕ್ ನೀರಿಗೆ ಬರುತ್ತದೆ. ಇದ್ದಿಲು ಎಲೆಕ್ಟ್ರಾನ್ ದಾಟಿಸುವುದರಲ್ಲಿ ಜಾಣ. ಬ್ಯಾಕ್ಟೀರಿಯಾಕ್ಕೂ ತುಕ್ಕಿಗೂ ನಡುವೆ ಸೇತುವೆಯಾಗಿ ನಿಂತು ಈ ಕೆಲಸವನ್ನು ಜೋರು ಮಾಡಬಲ್ಲದು. ಅಂದರೆ ಸೂಕ್ಷ್ಮಜೀವಿಗೆ ಸಹಾಯ ಆಯಿತು, ಅಕ್ಕಿಗೆ ತೊಂದರೆ ಆಯಿತು. ಅದೇ ಸೇತುವೆ ಕ್ರೋಮಿಯಂ ವಿಷಯದಲ್ಲಿ ಒಳ್ಳೆಯದು ಮಾಡುತ್ತದೆ: ಅಪಾಯಕಾರಿಯಾದ ಆರನೇ ರೂಪದ ಕ್ರೋಮಿಯಂ ಎಲೆಕ್ಟ್ರಾನ್ ಪಡೆದು ಅಷ್ಟು ಅಪಾಯವಿಲ್ಲದ ಮೂರನೇ ರೂಪಕ್ಕೆ ಇಳಿಯುತ್ತದೆ. ನೋಡಿ, ಒಂದೇ ಇದ್ದಿಲು, ಒಂದೇ ಗುಣ, ವಿಷ ಬದಲಾದರೆ ಫಲ ತಿರುಗುಮುರುಗು. ಸೂಕ್ಷ್ಮಜೀವಿಗಳ ಸಂಖ್ಯೆ ಏರಿತು ಅನ್ನುವುದನ್ನೇ ಗೆಲುವು ಅಂತ ತೋರಿಸುವ ಜಾಹೀರಾತುಗಳನ್ನು ನಾನು ನಂಬದೇ ಇರುವುದು ಇದಕ್ಕೇ. ಯಾವ ಜೀವಿ ಏರಿತು, ಅದು ಏನು ಕೆಲಸ ಮಾಡುತ್ತಿದೆ ಅಂತ ಕೇಳಬೇಕು.

ಕೀಟನಾಶಕ, ಕಳೆನಾಶಕದ ಕಥೆಯೂ ಇದೇ ರೀತಿ. ಲೋಹದ ಹಾಗಲ್ಲದೆ ಇವು ಸೂಕ್ಷ್ಮಜೀವಿಗಳ ಬಾಯಿಗೆ ಬಿದ್ದು ಒಡೆಯುತ್ತವೆ. ಇದ್ದಿಲು ಇವನ್ನು ಹೀರಿಕೊಂಡು ಇಟ್ಟುಕೊಂಡರೆ ವಿಷದ ಕಾಟ ತಕ್ಷಣಕ್ಕೆ ಕಮ್ಮಿ. ಆದರೆ ಸಣ್ಣ ರಂಧ್ರದೊಳಗೆ ಸೇರಿದ ವಿಷಕ್ಕೆ ಬ್ಯಾಕ್ಟೀರಿಯಾ ಕೈ ಎಟುಕುವುದಿಲ್ಲ, ಒಡೆಯುವುದು ನಿಧಾನ. ಇನ್ನೊಂದು ನೇರ ತೊಂದರೆ ಇದೆ. ಕಬ್ಬಿಗೆ ಅಟ್ರಾಜಿನ್ ಹೊಡೆಯುವವರು ಗಮನಿಸಿ, ಇದ್ದಿಲು ಹಾಕಿದ ಗದ್ದೆಯಲ್ಲಿ ಅದನ್ನು ಇದ್ದಿಲೇ ಕುಡಿದುಬಿಡುತ್ತದೆ, ಕಳೆ ಸಾಯುವುದಿಲ್ಲ. ಆಗ ರೈತ ಏನು ಮಾಡುತ್ತಾನೆ? ಇನ್ನೊಂದು ಸಲ ಹೊಡೆಯುತ್ತಾನೆ. ಮಣ್ಣು ಚೊಕ್ಕ ಮಾಡಲು ಹೋಗಿ ಎರಡು ಪಾಲು ವಿಷ ಸುರಿದ ಹಾಗಾಯಿತು.

ಇನ್ನೊಂದು ವಿಷಯ ನನಗೆ ಓದಿದಾಗ ಆಶ್ಚರ್ಯ ಆಗಿತ್ತು. ಬ್ಯಾಕ್ಟೀರಿಯಾಗಳು ಒಂದಕ್ಕೊಂದು ರಾಸಾಯನಿಕ ಸಂದೇಶ ಕಳಿಸಿಕೊಂಡು ಮಾತಾಡುತ್ತವೆ. ನಾವು ಎಷ್ಟು ಜನ ಇದ್ದೇವೆ, ಈಗ ಬೇರಿಗೆ ಅಂಟಿಕೊಳ್ಳೋಣವಾ, ಪೊರೆ ಕಟ್ಟೋಣವಾ ಅಂತ. 2013ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ ಪ್ರಕಾರ ಇದ್ದಿಲು ಆ ಸಂದೇಶಗಳನ್ನೂ ಹೀರಿಕೊಳ್ಳುತ್ತದೆ, ಹೆಚ್ಚು ಶಾಖದಲ್ಲಿ ಮಾಡಿದ ಇದ್ದಿಲು ಇನ್ನೂ ಜಾಸ್ತಿ ಹೀರುತ್ತದೆ. ಕೆಲವು ರೋಗಾಣುಗಳಿಗೆ ಮಾತು ತಪ್ಪಿದರೆ ನಮಗೆ ಒಳ್ಳೆಯದೇ. ರೈಜೋಬಿಯಂಗೆ ತಪ್ಪಿದರೆ ನಷ್ಟ, ಯಾಕೆಂದರೆ ಗಿಡಕ್ಕೂ ಅದಕ್ಕೂ ಗಂಟು ಕಟ್ಟುವ ಒಪ್ಪಂದ ನಡೆಯುವುದೇ ಇಂಥ ರಾಸಾಯನಿಕ ಮಾತಿನಲ್ಲಿ.

ಪ್ರಮಾಣದ ಲೆಕ್ಕಕ್ಕೆ ಬರೋಣ. ಇಲ್ಲೇ ಎಲ್ಲರೂ ಎಡವುವುದು. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಮಣ್ಣಿನ ತೂಕದ ಶೇ 1ರಿಂದ 5ರಷ್ಟು ಇದ್ದಿಲು ಬೆರೆಸುತ್ತಾರೆ. ಕುಂಡದಲ್ಲಿ ಮಾಡುವಾಗ ಅದು ಒಂದು ಹಿಡಿ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 800 ಟನ್ ತೂಗುತ್ತದೆ. ಅದರ ಶೇ 1 ಅಂದರೆ 8 ಟನ್ ಇದ್ದಿಲು. ಅಷ್ಟಕ್ಕೆ ಹತ್ತಿರ ಹತ್ತಿರ 25 ಟನ್ ಒಣ ಕಸ ಬೇಕು. ಒಂದು ಎಕರೆ ಕಬ್ಬಿನಿಂದ ವರ್ಷಕ್ಕೆ ಸಿಗುವ ತರಗು ಮೂರ್ನಾಲ್ಕು ಟನ್. ಅಂದರೆ ಆರೇಳು ವರ್ಷದ ತರಗೆಲ್ಲ ಒಂದೇ ಸಲಕ್ಕೆ ಬೇಕು. ಎಕರೆಗೆ ಎರಡು ಚೀಲ ಎರಚಿದರೆ ಮಣ್ಣು ಚೊಕ್ಕ ಆಗುತ್ತದೆ ಅನ್ನುವವರ ಹತ್ತಿರ ಈ ಲೆಕ್ಕ ಇಡಿ. ಎರಡು ಚೀಲಕ್ಕೂ ಉಪಯೋಗ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಇಡೀ ಗದ್ದೆಗೆ ಎರಚಿದರೆ ಗಾಳಿಗೆ ತೂರಿದ ಹಾಗೆ. ಸಸಿ ನೆಡುವ ಸಾಲಿಗೆ, ಗುಂಡಿಗೆ, ಬೇರು ಓಡಾಡುವ ಜಾಗಕ್ಕೆ ಮಾತ್ರ ಹಾಕಿದರೆ ಅಲ್ಲಿ ಪ್ರಮಾಣ ಸಾಕಾಗುತ್ತದೆ.

ಯಾವ ಕಸದಿಂದ ಮಾಡಬೇಕು ಅನ್ನುವುದರಲ್ಲೂ ನನಗೆ ಒಂದು ಖಚಿತ ಅಭಿಪ್ರಾಯ ಇದೆ. ಕಬ್ಬಿನ ತರಗನ್ನು ಇದ್ದಿಲು ಮಾಡಬೇಡಿ. ಕೂಳೆ ಬೆಳೆಯಲ್ಲಿ ಸಾಲಿನ ನಡುವೆ ಹಾಗೇ ಹೊದಿಸಿ. ತೇವ ಉಳಿಯುತ್ತದೆ, ಕೊಳೆತು ಸೂಕ್ಷ್ಮಜೀವಿಗೆ ಊಟ ಆಗುತ್ತದೆ, ಇದ್ದಿಲಿನಿಂದ ಸಿಗದೇ ಇರುವ ಊಟ. ತರಗು ಹಗುರ ಬೇರೆ, ಗುಂಡಿಯಲ್ಲಿ ಸುಟ್ಟರೆ ನೋಡನೋಡುತ್ತಿದ್ದಂತೆ ಬೂದಿ. ಹಿಂಡಿದ ಕಬ್ಬಿನ ಸಿಪ್ಪೆ ಆಲೆಮನೆ ಒಲೆಗೇ ಬೇಕು. ಇದ್ದಿಲಿಗೆ ಹೇಳಿ ಮಾಡಿಸಿದ್ದು ಸುಮ್ನೆ ಬಿದ್ದಿರುವ ಗಟ್ಟಿ ಕಸ: ಹುಳ ಮೇಯಿಸಿದ ಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿ, ತೆಂಗಿನ ಸೋಗೆಯ ದಿಂಡು, ಕರಟ, ತೊಗರಿ ಕಡ್ಡಿ. ಭತ್ತದ ಹೊಟ್ಟು ಕೂಡ ಒಳ್ಳೆಯದು, ಅದರಲ್ಲಿ ಸಿಲಿಕಾ ತುಂಬಾ ಇದೆ, ಸಿಲಿಕಾ ಸಿಕ್ಕ ಭತ್ತ ಆರ್ಸೆನಿಕ್ ಹೀರುವುದು ಕಮ್ಮಿ.

ಎರಡು ಎಚ್ಚರಿಕೆ ಮಾತ್ರ ಬಿಡಬೇಡಿ. ಕೊಳಚೆ ನೀರಿನ ಹೊಲದಲ್ಲೇ ಬೆಳೆದ ಕಡ್ಡಿಯಿಂದ ಇದ್ದಿಲು ಮಾಡಬೇಡಿ, ಗಿಡ ಹೀರಿದ ಲೋಹದ ಬಹುಪಾಲು ಇದ್ದಿಲಿನಲ್ಲೇ ಉಳಿದು ಮೂರು ಪಟ್ಟು ಗಟ್ಟಿಯಾಗಿ ವಾಪಸ್ ಬರುತ್ತದೆ. ಹಾಗೇ ಒಲೆಗೆ ಟೈರು, ಪ್ಲಾಸ್ಟಿಕ್ ಹಾಕುವ ಕಡೆಯ ಬೂದಿ, ಇದ್ದಿಲು ಯಾವುದನ್ನೂ ಹೊಲಕ್ಕೆ ತರಬೇಡಿ. ಟೈರಿನಲ್ಲಿ ಸತುವಿನ ಆಕ್ಸೈಡ್ ಇರುತ್ತದೆ, ಅದೆಲ್ಲ ಬೂದಿಗೆ ಇಳಿಯುತ್ತದೆ.

ಮಾಡುವ ರೀತಿ ಕಷ್ಟವಲ್ಲ. ಬಾವನ ಮನೆ ಹಿಂದೆ ನಾವಿಬ್ಬರೂ ಸೇರಿ ಒಂದು ಗುಂಡಿ ತೋಡಿದೆವು, ಮೇಲೆ ಅಗಲ, ಕೆಳಗೆ ಕಿರಿದು, ಮೊಣಕಾಲು ಮೀರುವಷ್ಟು ಆಳ. ತಳದಲ್ಲಿ ಒಣ ಕಡ್ಡಿ ಇಟ್ಟು ಮೇಲುಗಡೆಯಿಂದ ಬೆಂಕಿ ಹಚ್ಚಿದೆವು. ಉರಿ ಚೆನ್ನಾಗಿ ಹಿಡಿದ ಮೇಲೆ ಕಡ್ಡಿಯ ಮೇಲೆ ಬೂದಿಯ ಬಿಳಿ ಕಾಣಲು ಶುರುವಾದ ತಕ್ಷಣ ಮೇಲೆ ಇನ್ನೊಂದು ಪದರ. ಮೇಲಿನ ಜ್ವಾಲೆ ಆಮ್ಲಜನಕವನ್ನೆಲ್ಲ ತಾನೇ ತಿಂದು ಕೆಳಗಿನ ಕೆಂಡಕ್ಕೆ ಗಾಳಿ ಬಿಡುವುದಿಲ್ಲ, ಹಾಗಾಗಿ ಕೆಳಗಿನದು ಬೂದಿಯಾಗದೆ ಇದ್ದಿಲಾಗಿ ನಿಲ್ಲುತ್ತದೆ. ಕಡ್ಡಿ ಒಣಗಿದ್ದರೆ ಹೊಗೆ ತುಂಬಾ ಕಮ್ಮಿ. ಒಂದು ಸಲ ಹಸಿ ಕಡ್ಡಿ ಹಾಕಿದೆವು, ಹಳದಿ ಹೊಗೆ ಎದ್ದಿತು, ಅಕ್ಕ ಕೆಮ್ಮುತ್ತಾ ಬಂದು ಒಣಗಿದ ಬಟ್ಟೆ ಎತ್ತಿಕೊಂಡು ಹೋದಳು. ಹಳದಿ ಹೊಗೆ ಅಂದರೆ ಸುಡದ ಟಾರು. ಅದು ಇದ್ದಿಲಿನ ಮೇಲೆ ಕೂತರೆ ಸೂಕ್ಷ್ಮಜೀವಿಗೆ ಅದೇ ಹೊಸ ವಿಷ. ಗುಂಡಿ ತುಂಬಿದ ಮೇಲೆ ಬಕೆಟ್‌ಗಟ್ಟಲೆ ನೀರು ಸುರಿದು ಆರಿಸಿದೆವು.

ಇದ್ದಿಲು ಸರಿಯಾಗಿ ಬೆಂದಿದೆಯಾ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಅಂಗೈಯಲ್ಲಿ ಪುಡಿ ಮಾಡಿ ಬರೀ ನೀರಿನಲ್ಲಿ ಕೈ ತೊಳೆಯಿರಿ. ಮಸಿ ಪೂರ್ತಿ ಹೋದರೆ ಒಳ್ಳೆಯದು. ಎಣ್ಣೆ ಹಾಗೆ ಅಂಟಿಕೊಂಡು ಸೋಪು ಬೇಕಾಯಿತು ಅಂದರೆ ಟಾರು ಉಳಿದಿದೆ, ಅದು ಹೊಲಕ್ಕೆ ಬೇಡ.

ಆಗ ತಾನೆ ಮಾಡಿದ ಇದ್ದಿಲನ್ನು ನೇರವಾಗಿ ಮಣ್ಣಿಗೆ ಹಾಕುವುದು ದೊಡ್ಡ ತಪ್ಪು. ಹೊಸ ಇದ್ದಿಲು ಮಣ್ಣಿನಲ್ಲಿರುವ ಅಮೋನಿಯಾ ರೂಪದ ಸಾರಜನಕವನ್ನು ತನ್ನ ಹತ್ತಿರ ಎಳೆದುಕೊಳ್ಳುತ್ತದೆ, ಸೂಕ್ಷ್ಮಜೀವಿಗಳೂ ಅದರಲ್ಲಿನ ಇಂಗಾಲ ತಿನ್ನಲು ಹೋಗಿ ಸಾರಜನಕ ಹಿಡಿದಿಟ್ಟುಕೊಳ್ಳುತ್ತವೆ, ಗಿಡ ಹಳದಿಯಾಗುತ್ತದೆ. ಒಣ ಇದ್ದಿಲು ತೇವ ಹೀರುವುದರಿಂದ ಎರೆಹುಳುಗಳೂ ದೂರ ಸರಿಯುತ್ತವೆ. ಅದಕ್ಕೆ ನಾವು ಪುಡಿ ಮಾಡಿದ ಇದ್ದಿಲನ್ನು ಗಂಜಲದಲ್ಲಿ ನೆನೆಸಿ, ತಿಪ್ಪೆಗೊಬ್ಬರದ ಜೊತೆ ಪದರ ಪದರವಾಗಿ ಹಾಕಿ, ಗೋಣಿ ಹೊದಿಸಿ ತಿಂಗಳು ಬಿಟ್ಟೆವು. ಖಾಲಿ ಮನೆಗೆ ಸಂಸಾರ ತುಂಬಿಸಿ ಕಳಿಸಿದ ಹಾಗೆ. ಕೊಳಚೆ ನೀರಿನ ಹೊಲಕ್ಕೆ ಈ ಹೆಜ್ಜೆ ಇನ್ನೂ ಮುಖ್ಯ, ಯಾಕೆಂದರೆ ಅಲ್ಲಿ ಕಳೆದುಹೋಗಿರುವ ಒಳ್ಳೆಯ ಜೀವಿಗಳು ಇದ್ದಿಲು ನೋಡಿ ತಾವಾಗಿ ಹುಟ್ಟುವುದಿಲ್ಲ, ಹೊರಗಿನಿಂದ ತರಬೇಕು. ಅಲಸಂದೆ, ತೊಗರಿ ಬಿತ್ತುವುದಾದರೆ ಬೀಜಕ್ಕೆ ರೈಜೋಬಿಯಂ ಲೇಪಿಸಿಯೇ ಬಿತ್ತಬೇಕು.

ಇಷ್ಟೆಲ್ಲ ಮಾಡುವ ಮೊದಲು ಮಣ್ಣಿನಲ್ಲಿ ಏನಿದೆ ಅಂತ ಗೊತ್ತಿರಬೇಕು. ಬಾವ ತಮ್ಮ ಮಣ್ಣು ಆರೋಗ್ಯ ಕಾರ್ಡ್ ತಂದು ತೋರಿಸಿದರು. 2015ರಲ್ಲಿ ಶುರುವಾದ ಆ ಕಾರ್ಡಿನಲ್ಲಿ 12 ಅಂಶಗಳ ಲೆಕ್ಕ ಇರುತ್ತದೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಆಮೇಲೆ ಪಿಎಚ್, ಲವಣಾಂಶ, ಸಾವಯವ ಇಂಗಾಲ. ಸೀಸ ಇಲ್ಲ. ಕ್ಯಾಡ್ಮಿಯಂ ಇಲ್ಲ. ಆರ್ಸೆನಿಕ್, ಕ್ರೋಮಿಯಂ ಇಲ್ಲ. ಸೂಕ್ಷ್ಮಜೀವಿಗಳ ಬಗ್ಗೆ ಒಂದು ಸಾಲೂ ಇಲ್ಲ. ಕಾರ್ಡಿನ ಪ್ರಕಾರ ಬಾವನ ಮಣ್ಣು ಚೆನ್ನಾಗಿದೆ, ಸಾವಯವ ಇಂಗಾಲ ಜಾಸ್ತಿ ಇದೆ ಅಂತಲೇ ಬರೆದಿದೆ. ಕೊಳಚೆ ನೀರು ಹರಿದ ಹೊಲದಲ್ಲಿ ಇಂಗಾಲ ಜಾಸ್ತಿ ಇಲ್ಲದೆ ಇನ್ನೇನು? ನಗರದ ಕೆಳಗಿನ ಹಳ್ಳಿಗಳಿಗಾದರೂ ಸರ್ಕಾರ ಈ ಕಾರ್ಡಿಗೆ ನಾಲ್ಕು ಲೋಹ ಸೇರಿಸಬೇಕು. ಇದು ನನ್ನ ಬೇಡಿಕೆ. ಇಲ್ಲದಿದ್ದರೆ ರೈತ ಕತ್ತಲಲ್ಲಿ ಇದ್ದಿಲು ಸುರಿಯುತ್ತಿರುತ್ತಾನೆ.

ಅಲ್ಲಿಯವರೆಗೆ ಖಾಸಗಿ ಪ್ರಯೋಗಾಲಯದಲ್ಲಿ ಮಾಡಿಸಬೇಕು. ಎಲ್ಲಿ ಕೊಡಬೇಕು ಅಂತ ಮಂಡ್ಯದ ವಿ.ಸಿ. ಫಾರಂ ಅಥವಾ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಕೊಡುವಾಗ ಲೋಹದ ಒಟ್ಟು ಪ್ರಮಾಣ ಮಾತ್ರವಲ್ಲ, ಗಿಡಕ್ಕೆ ಸಿಗುವ ಪ್ರಮಾಣವನ್ನೂ ಅಳೆಯಲು ಹೇಳಿ. ಡಿಟಿಪಿಎ ವಿಧಾನ ಅಂದರೆ ಅವರಿಗೆ ಗೊತ್ತಾಗುತ್ತದೆ. ಇದ್ದಿಲು ಹಾಕಿದ ಮೇಲೆ ಒಟ್ಟು ಪ್ರಮಾಣ ಇಳಿಯುವುದೇ ಇಲ್ಲ, ಸಿಗುವ ಪ್ರಮಾಣ ಮಾತ್ರ ಇಳಿಯುತ್ತದೆ. ಅದನ್ನೂ ಒಂದು ಸಲ ನೋಡಿ ಬಿಡುವ ಹಾಗಿಲ್ಲ, ವರ್ಷ ಕಳೆದಂತೆ ಮಣ್ಣು ಮತ್ತೆ ಹುಳಿಯಾದರೆ ಕಟ್ಟಿದ್ದ ಲೋಹ ಸಡಿಲವಾಗಬಹುದು. ಸೂಕ್ಷ್ಮಜೀವಿ ನೋಡಲು ದುಡ್ಡಿಲ್ಲದವರಿಗೆ ಹಳೆಯ ಬಿಳಿ ಹತ್ತಿ ಪಂಚೆ ಸಾಕು. ಒಂದೇ ಅಳತೆಯ ಎರಡು ತುಂಡು ಹರಿದು, ಇದ್ದಿಲು ಹಾಕಿದ ಕಡೆ ಒಂದು, ಹಾಕದ ಕಡೆ ಒಂದು, ಗೇಣುದ್ದ ಆಳದಲ್ಲಿ ಹೂತು ಎರಡು ತಿಂಗಳು ಬಿಟ್ಟು ತೆಗೆಯಿರಿ. ಜೀವ ಇರುವ ಮಣ್ಣು ಬಟ್ಟೆಯನ್ನು ಜಾಳು ಜಾಳು ಮಾಡಿರುತ್ತದೆ.

ಬಾವ ಇದನ್ನೆಲ್ಲ ಕೇಳಿ ಕೊನೆಗೆ ಕೇಳಿದ್ದು ಬೇರೆಯೇ. "ಅದಿರ್ಲಿ ಕಣಪ್ಪ, ಇದ್ಲು ಹಾಕುದ್ ಮೇಲೆ ಸೊಪ್ಪು ಮಾರ್ಬೋದಾ?"

ಸೊಪ್ಪು ಲೋಹವನ್ನು ಬೇಗ ಎಳೆದುಕೊಳ್ಳುತ್ತದೆ, ಕಾಳು ಹಣ್ಣುಗಳಿಗಿಂತ ಎಲೆಯಲ್ಲಿ ಕ್ಯಾಡ್ಮಿಯಂ ಜಾಸ್ತಿ ಸೇರುತ್ತದೆ. ಇದ್ದಿಲು ಅದನ್ನು ಇಳಿಸಬಹುದು, ಆದರೆ ತಿನ್ನುವ ಮಟ್ಟಕ್ಕೆ ಇಳಿಯಿತಾ ಅಂತ ಸೊಪ್ಪನ್ನೇ ಪರೀಕ್ಷೆ ಮಾಡಿಸದೆ ಹೇಳಲು ಬರುವುದಿಲ್ಲ. "ಈಗಲೇ ಬೇಡ ಬಾವ, ಮೊದಲು ಮಣ್ಣಿನ ರಿಪೋರ್ಟ್ ಬರಲಿ, ಆಮೇಲೆ ಸೊಪ್ಪಿಂದೂ ಮಾಡಿಸಿ. ಅಲ್ಲಿವರೆಗೂ ಹೂವು ಹಾಕ್ಕೊಳ್ಳಿ" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ದಿನಾ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗುವ ದಂಟು, ಕೊತ್ತಂಬರಿಯ ದುಡ್ಡಿನಲ್ಲೇ ಆ ಮನೆ ನಡೆಯುತ್ತದೆ. ನನಗೂ ಹೇಳುವುದು ಸುಲಭ ಇರಲಿಲ್ಲ. ಈಗ ಹಳ್ಳದ ಪಕ್ಕದ ಆರು ಗುಂಟೆಗೆ ಸೇವಂತಿಗೆ ಬಂದಿದೆ. ಅದರ ಪಕ್ಕ ಎರಡು ಪಟ್ಟಿ ಅಲಸಂದೆ, ಒಂದಕ್ಕೆ ಗಂಜಲದಲ್ಲಿ ನೆನೆಸಿದ ಇದ್ದಿಲು, ಇನ್ನೊಂದಕ್ಕೆ ಬರೀ ತಿಪ್ಪೆಗೊಬ್ಬರ. ಎರಡು ಕಡೆಯೂ ಪಂಚೆ ತುಂಡು ಹೂತಿದ್ದೇವೆ, ಗುರುತಿಗೆ ಹುಣಸೆ ಕಡ್ಡಿ ನೆಟ್ಟಿದ್ದೇವೆ. ಮಣ್ಣಿನ ಚೀಲ ಪ್ರಯೋಗಾಲಯಕ್ಕೆ ಹೋಗಿದೆ.